ಕಸದಲ್ಲಿ ಬಣ್ಣ ಕಂಡ ವಿಲಿಯಂ ಪರ್ಕಿನ್

ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನಾನು ಒಬ್ಬ ರಸಾಯನಶಾಸ್ತ್ರಜ್ಞನ ಜೀವನವನ್ನು ಬರೆಯಹೊರಟಿರುವುದು ಗೆಳೆಯರಿಗೆ ಸೋಜಿಗವೆನಿಸಬಹುದು. ವಿಜ್ಞಾನದ ಅಧ್ಯಾಪಕರಿಗೆ ಅಧಿಕಪ್ರಸಂಗವಾಗಿಯೂ ತೋರೀತು. ಆದರೆ ಇದಕ್ಕೆ ಕಾರಣವಿದೆ. ಪಿ.ಯು.ಸಿ.ಯಲ್ಲಿ ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದೆ. ಒಂದು ದಿನ ಪ್ರಯೋಗಶಾಲೆಯಲ್ಲಿ ಲವಣವೊಂದನ್ನು ಪರೀಕ್ಷಿಸುತ್ತಿದ್ದಾಗ, ಬರಬೇಕಾಗಿದ್ದ ಬಿಳಿಯ ಗಸಿಗೆ ಬದಲಾಗಿ ಪ್ರನಾಳದ ತಳದಲ್ಲಿ ಕಪ್ಪನೆಯದೇನೋ ಬಂದು ಕುಳಿತಿತು. ಯಾರಾದರೂ ನೋಡುವ ಮೊದಲೇ ಅದನ್ನು ತೊಟ್ಟಿಗೆ ಸುರಿದು, ಮೇಲೆ ನೀರು ಬಿಟ್ಟು, ಪಕ್ಕದವನ ಪುಸ್ತಕ ನೋಡಿ ಉತ್ತರ ಬರೆದುಬಿಟ್ಟೆ. ಅಧ್ಯಾಪಕರು ನೋಡಿಯೇ ಇದ್ದರು. ಅವರು ಗದರಲಿಲ್ಲ, ಚೆಲ್ಲಿದ್ದು ಏನು ಎಂದು ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ಏನೆಂದು ತಿಳಿಯದ್ದನ್ನು ಚೆಲ್ಲಬಾರದು, ಪರ್ಕಿನ್ ಚೆಲ್ಲಲಿಲ್ಲ ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು. ಆ ಪರ್ಕಿನ್ ಯಾರೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಹೆಸರು ನನಗೆ ಮತ್ತೆ ಎದುರಾದದ್ದು ಬಿ.ಎ. ತರಗತಿಯಲ್ಲಿ, ಚಂಪಾರಣ್ ಸತ್ಯಾಗ್ರಹದ ಪಾಠ ನಡೆಯುತ್ತಿದ್ದಾಗ. ಬಿಹಾರದ ರೈತರನ್ನು ಅಷ್ಟು ವರ್ಷ ಹಿಂಡಿದ ನೀಲಿಯ ಬೆಳೆಗೆ ಇದ್ದಕ್ಕಿದ್ದಂತೆ ಬೆಲೆ ಬಿದ್ದುಹೋದದ್ದೇಕೆ ಎಂದು ಹುಡುಕುತ್ತ ಹೋದರೆ ಉತ್ತರ ಜರ್ಮನಿಯ ಕಾರ್ಖಾನೆಗಳಲ್ಲಿತ್ತು. ಅಲ್ಲಿಂದ ಹಿಂದೆ ಹೋದರೆ ಲಂಡನ್ನಿನ ಒಂದು ಮನೆಯ ಮಹಡಿಯ ಮೇಲಿತ್ತು. ಆ ಮಹಡಿಯಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬನು ಕಪ್ಪು ಗಸಿಯೊಂದನ್ನು ಚೆಲ್ಲದೆ ನೋಡುತ್ತ ನಿಂತಿದ್ದನು. ನನಗಿಂತ ವಯಸ್ಸಿನಲ್ಲಿ ಚಿಕ್ಕವನಾದ ಆ ಹುಡುಗನ ಕಥೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಮೊದಲು ಆ ಕಾಲದ ಕಸದ ಮಾತು. ನಮ್ಮ ಕಡೆಯ ಆಲೆಮನೆಗಳಲ್ಲಿ ಕಬ್ಬನ್ನು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಯಾರೂ ಬಿಸಾಡುವುದಿಲ್ಲ. ಒಣಗಿಸಿ ಅದೇ ಒಲೆಗೆ ಹಾಕಿ ಬೆಲ್ಲ ಕಾಯಿಸುತ್ತಾರೆ. ಕಸವೂ ಕಸುಬಿನ ಒಂದು ಅಂಗವಾಗಿರುವುದು ಹಳ್ಳಿಯ ಕೈಗೆಲಸದಲ್ಲಿ ಸಹಜ. ಆದರೆ ದೊಡ್ಡ ಕೈಗಾರಿಕೆ ಹುಟ್ಟಿದಾಗ ಅದರ ಜೊತೆಗೆ ಹುಟ್ಟಿದ ಕಸ ಬೇರೆಯ ಬಗೆಯದು. 1812ರಲ್ಲಿ ಲಂಡನ್ನಿನಲ್ಲಿ ಅನಿಲದೀಪಗಳಿಗಾಗಿ ಒಂದು ಕಂಪನಿ ಸ್ಥಾಪಿತವಾಯಿತು. ಗಾಳಿಯಾಡದ ಪಾತ್ರೆಯಲ್ಲಿ ಕಲ್ಲಿದ್ದಲನ್ನು ಕಾಯಿಸಿದರೆ ಉರಿಯುವ ಅನಿಲ ಬರುತ್ತದೆ. ಅದನ್ನು ಕೊಳವೆಗಳಲ್ಲಿ ಹರಿಸಿ ಬೀದಿಗಳಿಗೂ ಮನೆಗಳಿಗೂ ಬೆಳಕು ಕೊಟ್ಟರು. ಪಾತ್ರೆಯಲ್ಲಿ ಉಳಿಯುವ ಕೋಕ್ ಇದ್ದಲು ಒಲೆಗೆ ಆಗುತ್ತಿತ್ತು. ಆದರೆ ಅನಿಲದ ಜೊತೆಯಲ್ಲಿಯೇ ಬಂದು ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತಿದ್ದ ಕಪ್ಪು, ಅಂಟು, ದುರ್ವಾಸನೆಯ ಡಾಂಬರು ಯಾರಿಗೂ ಬೇಡವಾಗಿತ್ತು. ಒಂದು ಟನ್ ಕಲ್ಲಿದ್ದಲಿಗೆ ಸುಮಾರು ನಲವತ್ತು ಐವತ್ತು ಕಿಲೋಗ್ರಾಂ ಡಾಂಬರು ಬರುತ್ತಿತ್ತು. ಅದನ್ನು ಹಳ್ಳಗಳಿಗೂ ನದಿಗೂ ಬಿಡುತ್ತಿದ್ದರು.

ಹಾಗೆಂದು ಅದನ್ನು ಯಾರೂ ಮುಟ್ಟಿರಲಿಲ್ಲವೆಂದಲ್ಲ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತನು ಡಾಂಬರಿನಿಂದ ಬರುವ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ನೀರು ಹಿಡಿಯದ ಮಳೆಯಂಗಿಯ ಬಟ್ಟೆಯನ್ನು ಮಾಡಿದ್ದನು. 1838ರಲ್ಲಿ ಜಾನ್ ಬೆಥೆಲ್ ಎಂಬಾತನು ಡಾಂಬರಿನ ಎಣ್ಣೆಯನ್ನು ಮರಕ್ಕೆ ಹೀರಿಸಿ, ರೈಲುಹಾದಿಯ ದಿಮ್ಮಿಗಳು ಗೆದ್ದಲಿಗೂ ಕೊಳೆತಕ್ಕೂ ತುತ್ತಾಗದಂತೆ ಮಾಡಿದನು. ಜರ್ಮನಿಯ ರುಂಗೆ ಎಂಬ ವಿದ್ವಾಂಸನು 1834ರಲ್ಲಿಯೇ ಡಾಂಬರಿನಿಂದ ಎಣ್ಣೆಯಂಥ ಒಂದು ದ್ರವವನ್ನು ಬೇರ್ಪಡಿಸಿದ್ದನು. ಅದೇ ದ್ರವವನ್ನು ಮತ್ತೊಬ್ಬನು ನೀಲಿಯ ಗಿಡದ ಬಣ್ಣದಿಂದಲೂ ಪಡೆದು ಅದಕ್ಕೆ ಅನಿಲೀನ್ ಎಂದು ಹೆಸರಿಟ್ಟನು. ಈ ಹೆಸರನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಸಂಸ್ಕೃತದ ನೀಲ ಶಬ್ದವೇ ಅರಬ್ಬರ ಬಾಯಲ್ಲಿ ಅನ್ನೀಲ್ ಆಗಿ, ಪೋರ್ಚುಗೀಸರಲ್ಲಿ ಅನಿಲ್ ಆಗಿ, ಕೊನೆಗೆ ರಸಾಯನಶಾಸ್ತ್ರಕ್ಕೆ ಅನಿಲೀನ್ ಆಗಿ ಸೇರಿತು. ಲಂಡನ್ನಿನ ಡಾಂಬರಿಗೂ ನಮ್ಮ ದೇಶದ ನೀಲಿಯ ಹೊಲಕ್ಕೂ ಸಂಬಂಧವಿದೆಯೆಂಬುದು ಹೀಗೆ ಹೆಸರಿನಲ್ಲಿಯೇ ಅಡಗಿತ್ತು. ಆ ಸಂಬಂಧ ಸುಖದಲ್ಲಿ ಮುಗಿಯಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ವಿಲಿಯಂ ಹೆನ್ರಿ ಪರ್ಕಿನ್ ಹುಟ್ಟಿದ್ದು 1838ನೆಯ ಮಾರ್ಚ್ 12ರಂದು, ಲಂಡನ್ನಿನ ಪೂರ್ವಭಾಗದ ಶಾಡ್ವೆಲ್ ಎಂಬಲ್ಲಿ. ತಂದೆ ಜಾರ್ಜ್ ಪರ್ಕಿನ್ ಮರಗೆಲಸದಿಂದ ಮೇಲೆ ಬಂದು ಮನೆ ಕಟ್ಟಿಸುವ ಗುತ್ತಿಗೆದಾರನಾಗಿದ್ದನು. ಏಳು ಮಕ್ಕಳಲ್ಲಿ ವಿಲಿಯಂ ಕಡೆಯವನು. ಮಗನು ಕಟ್ಟಡಗಳ ನಕ್ಷೆ ಬರೆಯುವ ಶಿಲ್ಪಿಯಾಗಲೆಂದು ತಂದೆಯ ಆಸೆ. ಆದರೆ ಗೆಳೆಯನೊಬ್ಬನು ಹರಳು ಕಟ್ಟುವ ಲವಣಗಳ ಚಮತ್ಕಾರವನ್ನು ತೋರಿಸಿದಂದಿನಿಂದ ಹುಡುಗನ ಮನಸ್ಸು ರಸಾಯನಶಾಸ್ತ್ರದ ಕಡೆಗೆ ತಿರುಗಿತು. ಹದಿಮೂರನೆಯ ವಯಸ್ಸಿನಲ್ಲಿ ಅವನು ಸಿಟಿ ಆಫ್ ಲಂಡನ್ ಶಾಲೆಗೆ ಸೇರಿದನು. ಅಲ್ಲಿ ಥಾಮಸ್ ಹಾಲ್ ಎಂಬ ಅಧ್ಯಾಪಕರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸ ಮಾಡುತ್ತಿದ್ದರು. ಆ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಬೇರೆ ಹೊತ್ತು ಇರಲಿಲ್ಲ. ಪರ್ಕಿನ್ ಊಟ ಬಿಟ್ಟು ಅವರ ಮೇಜಿನ ಕೆಲಸಕ್ಕೆ ನಿಲ್ಲುತ್ತಿದ್ದನು. ಹಾಲ್ ಅವರೇ ತಂದೆಯನ್ನು ಕಂಡು ಒಪ್ಪಿಸಿದರು. ಒಬ್ಬ ಒಳ್ಳೆಯ ಶಾಲಾ ಉಪಾಧ್ಯಾಯರು ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

1853ರಲ್ಲಿ, ಹದಿನೈದನೆಯ ವಯಸ್ಸಿಗೆ, ಪರ್ಕಿನ್ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಗೆ ಸೇರಿದನು. ಅಲ್ಲಿಯ ಮುಖ್ಯಸ್ಥ ಜರ್ಮನಿಯಿಂದ ಬಂದಿದ್ದ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್. ಡಾಂಬರಿನಲ್ಲಿ ಏನೇನಿದೆ ಎಂಬುದನ್ನು ಬಿಡಿಸಿ ನೋಡುವುದೇ ಹಾಫ್‌ಮನ್ನನ ಜೀವಮಾನದ ಕೆಲಸವಾಗಿತ್ತು. ಅದು ಅಪಾಯವಿಲ್ಲದ ಕೆಲಸವೂ ಆಗಿರಲಿಲ್ಲ. ಡಾಂಬರನ್ನು ಭಟ್ಟಿಯಿಳಿಸಿ ಬೆಂಜೀನನ್ನು ಬೇರ್ಪಡಿಸುವ ಕ್ರಮವನ್ನು ಕಂಡುಕೊಂಡ ಅವನ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ 1855ರಲ್ಲಿ ಅದೇ ಭಟ್ಟಿಗೆ ಬೆಂಕಿ ಹತ್ತಿ ಸುಟ್ಟಗಾಯಗಳಿಂದ ಸತ್ತನು. ಹೊಸ ವಿದ್ಯಾರ್ಥಿ ಪರ್ಕಿನ್ನನಿಗೆ ಹಾಫ್‌ಮನ್ ಮೊದಲು ಕೊಟ್ಟ ಕೆಲಸ ಡಾಂಬರಿನ ಆಂಥ್ರಸೀನ್ ಎಂಬ ವಸ್ತುವಿನ ಮೇಲೆ. ಎಷ್ಟು ತಿಣುಕಿದರೂ ಅದರಿಂದ ಬೇಕಾದದ್ದು ಬರಲಿಲ್ಲ. ಆ ಕೆಲಸವನ್ನು ಕೈಬಿಟ್ಟರು. ಓದುಗರು ಈ ಸೋಲನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಕಾಲದಲ್ಲಿ ಮಲೇರಿಯಾ ಜ್ವರಕ್ಕೆ ಇದ್ದ ಒಂದೇ ನಂಬಿಕೆಯ ಔಷಧ ಕ್ವಿನೈನ್. ಅದು ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆಯಿಂದ ಬರಬೇಕು. ಬೆಲೆ ಹೆಚ್ಚು, ಸಿಕ್ಕುವುದು ಕಡಿಮೆ. ಭಾರತದಂಥ ಜ್ವರದ ನಾಡುಗಳಲ್ಲಿ ಸೈನ್ಯವಿಟ್ಟುಕೊಂಡಿದ್ದ ಇಂಗ್ಲೆಂಡಿಗೆ ಅದರ ಅಗತ್ಯ ಬಹಳ. ಡಾಂಬರಿನಿಂದಲೇ ಕ್ವಿನೈನನ್ನು ತಯಾರಿಸಬಹುದೇ ಎಂದು ಹಾಫ್‌ಮನ್ ಹಿಂದೆಯೇ ಸೂಚಿಸಿದ್ದನು. 1856ರ ಈಸ್ಟರ್ ರಜೆಯಲ್ಲಿ ಹಾಫ್‌ಮನ್ ಜರ್ಮನಿಗೆ ಹೋಗಿದ್ದಾಗ, ಪರ್ಕಿನ್ ತನ್ನ ಮನೆಯ ಮಹಡಿಯ ಮೇಲೆ ತಾನೇ ಮಾಡಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ ಇದನ್ನು ಸಾಧಿಸಲು ಹೊರಟನು.

ಅವನ ಲೆಕ್ಕ ಅಂಗಡಿಯ ಲೆಕ್ಕದಂತೆ ಸರಳವಾಗಿತ್ತು. ಡಾಂಬರಿನ ಮೂಲದಿಂದ ಪಡೆಯಬಹುದಾದ ಅಲೈಲ್ ಟಾಲ್ಯುಡೀನ್ ಎಂಬ ವಸ್ತುವಿನ ಎರಡು ಅಣುಗಳನ್ನು ಕೂಡಿಸಿ, ಆಮ್ಲಜನಕವನ್ನು ಸೇರಿಸಿ, ನೀರನ್ನು ಕಳೆದರೆ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ ಎಲ್ಲವೂ ಕ್ವಿನೈನಿನ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದವು. ಆದರೆ ಅಣುವಿನೊಳಗೆ ಅವು ಯಾವ ಕ್ರಮದಲ್ಲಿ ನಿಂತಿವೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅಷ್ಟೇ ಇಟ್ಟಿಗೆಗಳಿದ್ದ ಮಾತ್ರಕ್ಕೆ ಅದೇ ಮನೆಯಾಗುವುದಿಲ್ಲವಷ್ಟೆ. ಪರ್ಕಿನ್ನನಿಗೆ ಕ್ವಿನೈನಿನ ಬಿಳಿಯ ಹರಳು ಬರಲಿಲ್ಲ. ಕೆಂಪು ಕಂದಿನ ಗಸಿ ಬಂದಿತು. ಪ್ರಯೋಗಶಾಲೆಯಲ್ಲಿ ಕ್ವಿನೈನನ್ನು ಕಟ್ಟುವ ದಾರಿಯನ್ನು ಅಮೆರಿಕದ ವುಡ್‌ವರ್ಡ್ ಮತ್ತು ಡೋರಿಂಗ್ ತೋರಿಸಿದ್ದು 1944ರಲ್ಲಿ. ಎಂಬತ್ತೆಂಟು ವರ್ಷ ಮೊದಲೇ ಅದನ್ನು ಹಿಡಿಯಲು ಹೊರಟ ಹುಡುಗನ ಸಾಹಸಕ್ಕೆ ನಗಬೇಕೋ ಮೆಚ್ಚಬೇಕೋ ತಿಳಿಯದು.

ಪರ್ಕಿನ್ನನು ಆ ಗಸಿಯನ್ನು ಚೆಲ್ಲಿ ಕೈತೊಳೆದುಕೊಳ್ಳಲಿಲ್ಲ. ಇದು ಹೀಗೇಕಾಯಿತು ಎಂದು ತಿಳಿಯಬೇಕೆನಿಸಿತು. ಅದಕ್ಕಾಗಿ ಅದೇ ಕ್ರಮವನ್ನು ಇನ್ನೂ ಸರಳವಾದ ಅನಿಲೀನಿನ ಮೇಲೆ ಮಾಡಿ ನೋಡಿದನು. ಅನಿಲೀನಿನ ಲವಣಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟನ್ನು ಬೆರೆಸಿದಾಗ ಈ ಸಲ ಬಂದದ್ದು ಮೊದಲಿನದಕ್ಕಿಂತ ಕೆಟ್ಟದ್ದು, ಇದ್ದಲಿನಂಥ ಕಪ್ಪು ಗಸಿ. ಅದನ್ನು ಸೋಸಿ, ಒಣಗಿಸಿ, ಮದ್ಯಸಾರದಲ್ಲಿ ನೆನೆಸಿದಾಗ ಗಾಜಿನ ಪಾತ್ರೆಯಲ್ಲಿ ಸೊಗಸಾದ ಊದಾ ಬಣ್ಣ ಇಳಿಯಿತು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಅವನ ಅನಿಲೀನ್ ಶುದ್ಧವಾಗಿರಲಿಲ್ಲ. ಅದರಲ್ಲಿ ಟಾಲ್ಯುಡೀನ್ ಕಲಬೆರಕೆಯಾಗಿತ್ತು. ಆ ಕಲಬೆರಕೆಯಿಲ್ಲದಿದ್ದರೆ ಆ ಬಣ್ಣವೇ ಹುಟ್ಟುತ್ತಿರಲಿಲ್ಲವೆಂದು ಮುಂದೆ ತಿಳಿಯಿತು. ಡಾಂಬರು ಒಂದು ಕಸ, ಅದರೊಳಗಿನ ಕಲಬೆರಕೆ ಮತ್ತೊಂದು ಕಸ, ಸೋತ ಪ್ರಯೋಗದ ಗಸಿ ಮೂರನೆಯ ಕಸ. ಮೂರು ಕಸಗಳು ಕೂಡಿ ಒಂದು ರಸವಾಯಿತು.

ಅದೃಷ್ಟವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಅದೃಷ್ಟದ ಪಾಲು ಇಲ್ಲಿಗೆ ಮುಗಿಯಿತು. ಬಣ್ಣ ಕಾಣಿಸುವುದು ಬೇರೆ, ಬಟ್ಟೆಗೆ ಹತ್ತುವುದು ಬೇರೆ. ರುಂಗೆಯೂ ಅನಿಲೀನಿನಲ್ಲಿ ಬಣ್ಣವನ್ನು ಕಂಡಿದ್ದನು. ಅದು ಅಲ್ಲಿಗೇ ನಿಂತಿತ್ತು. ಪರ್ಕಿನ್ ಒಂದು ರೇಷ್ಮೆಯ ತುಂಡನ್ನು ಅದ್ದಿದನು, ತೊಳೆದನು, ಬಿಸಿಲಿಗೆ ಹಾಕಿದನು. ಬಣ್ಣ ಬಿಡಲಿಲ್ಲ. ಗೆಳೆಯ ಆರ್ಥರ್ ಚರ್ಚ್ ಹುರಿದುಂಬಿಸಿದನು. ಅಣ್ಣ ಥಾಮಸ್ ಕೈಗೂಡಿಸಿದನು. ಮನೆಯ ಹಿತ್ತಲಿನ ಗುಡಿಸಲಲ್ಲಿ ಇನ್ನೂ ಹೆಚ್ಚು ತಯಾರಿಸಿದರು. ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಹೆಸರಾಂತ ಬಣ್ಣಗಾರರಾದ ಪುಲ್ಲರ್ ಮನೆತನಕ್ಕೆ ಒಂದು ಮಾದರಿಯನ್ನು ಕಳುಹಿಸಿದರು. ಬಟ್ಟೆಯ ಬೆಲೆ ಅತಿಯಾಗಿ ಏರದಿದ್ದರೆ ಇದು ಬಹುಕಾಲಕ್ಕೆ ಸಿಕ್ಕಿದ ಉತ್ತಮ ಶೋಧವೆಂದು ರಾಬರ್ಟ್ ಪುಲ್ಲರ್ 1856ರ ಜೂನ್‌ನಲ್ಲಿ ಉತ್ತರ ಬರೆದನು. ಆದರೆ ಹತ್ತಿಯ ಬಟ್ಟೆಗೆ ಇದು ಸರಿಯಾಗಿ ಹತ್ತದೆಂಬುದನ್ನೂ ತಿಳಿಸಿದನು. 1856ನೆಯ ಆಗಸ್ಟ್ 26ರಂದು ಪರ್ಕಿನ್ ಪೇಟೆಂಟು ಪಡೆದನು. ಇಪ್ಪತ್ತೊಂದು ತುಂಬದ ಹುಡುಗನಿಗೆ ಪೇಟೆಂಟು ಕೊಡಬಹುದೇ ಎಂಬ ಅನುಮಾನ ಬಂದು ವಕೀಲರ ಅಭಿಪ್ರಾಯವನ್ನೂ ಕೇಳಬೇಕಾಯಿತು.

ಈಗ ಅವನ ಬಾಳಿನ ದೊಡ್ಡ ಕವಲುದಾರಿ ಬಂದಿತು. ಕಾಲೇಜು ಬಿಟ್ಟು ಕಾರ್ಖಾನೆ ಹಾಕುತ್ತೇನೆಂದು ಹೇಳಿದಾಗ ಹಾಫ್‌ಮನ್ ಅದನ್ನು ಮೆಚ್ಚಲಿಲ್ಲ. ವಿಜ್ಞಾನಿಯಾಗಬೇಕಾದವನು ವ್ಯಾಪಾರಿಯಾಗಿ ಕೆಡುತ್ತಾನೆಂದು ಆ ಗುರುವಿನ ಭಯ. ಆ ಭಯ ಪರ್ಕಿನ್ನನಿಗೂ ಇಲ್ಲದಿರಲಿಲ್ಲ; ಸಂಶೋಧನೆಯನ್ನು ಎಂದೂ ಬಿಡುವುದಿಲ್ಲವೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡನು. ಗುರುವಿನ ಮಾತು ಮೀರುವುದು ಅವನಿಗೆ ಹಗುರವಾದ ಕೆಲಸವಾಗಿರಲಿಲ್ಲ. ಇನ್ನು ತಂದೆಯ ವಿಷಯ. ಮಗನು ಶಿಲ್ಪಿಯಾಗಲಿಲ್ಲವೆಂದು ನೊಂದಿದ್ದ ಜಾರ್ಜ್ ಪರ್ಕಿನ್ ಈಗ ತನ್ನ ಜೀವಮಾನದ ಗಳಿಕೆಯ ಬಹುಭಾಗವನ್ನು ಮಗನ ಡಾಂಬರಿನ ಮೇಲೆ ಹಾಕಿದನು. ಸೋತರೆ ಇಡೀ ಸಂಸಾರ ಬೀದಿಗೆ ಬೀಳುತ್ತಿತ್ತು. ಈ ಕಥೆಯಲ್ಲಿ ನಾನು ಹೆಚ್ಚು ಗೌರವಿಸುವುದು ಯಾರನ್ನು ಎಂದು ಕೇಳಿದರೆ ಬಹುಶಃ ಈ ತಂದೆಯನ್ನೇ ಹೆಸರಿಸುತ್ತೇನೆ. ಮಗನಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿತ್ತು. ತಂದೆಗೆ ಗೊತ್ತಿದ್ದುದು ಮಗನು ಮಾತ್ರ.

ಹ್ಯಾರೋ ಪಟ್ಟಣದ ಸಮೀಪ, ಗ್ರೀನ್‌ಫರ್ಡ್ ಗ್ರೀನ್ ಎಂಬಲ್ಲಿ ಕಾಲುವೆಯ ದಡದಲ್ಲಿ ಜಾಗ ಕೊಂಡು 1857ರ ಜೂನ್‌ನಲ್ಲಿ ಕಟ್ಟಡ ಆರಂಭಿಸಿದರು. ತಂದೆ ಕಟ್ಟಿಸಿದನು, ಅಣ್ಣ ಥಾಮಸ್ ವ್ಯವಹಾರ ನೋಡಿಕೊಂಡನು, ವಿಲಿಯಂ ರಸಾಯನವನ್ನು ನೋಡಿಕೊಂಡನು. ಮೂವರಲ್ಲಿ ಒಬ್ಬರೂ ಅದಕ್ಕೆ ಮುಂಚೆ ಒಂದು ರಾಸಾಯನಿಕ ಕಾರ್ಖಾನೆಯ ಒಳಹೊಕ್ಕು ನೋಡಿದವರಲ್ಲ. ಅಂಥ ಕಾರ್ಖಾನೆ ಜಗತ್ತಿನಲ್ಲಿಯೇ ಇರಲಿಲ್ಲವಾದುದರಿಂದ ನೋಡಿ ಕಲಿಯುವಂತೆಯೂ ಇರಲಿಲ್ಲ. ಅನಿಲೀನ್ ಅಂಗಡಿಯಲ್ಲಿ ಸಿಗುವ ಸಾಮಾನಾಗಿರಲಿಲ್ಲ. ಡಾಂಬರಿನಿಂದ ತೆಗೆದ ಬೆಂಜೀನನ್ನು ಗ್ಲಾಸ್ಗೋದಿಂದ ತರಿಸಿ, ಅದನ್ನು ನೈಟ್ರೋಬೆಂಜೀನ್ ಮಾಡಿ, ಅದನ್ನು ಕಬ್ಬಿಣದ ಚೂರು ಮತ್ತು ಅಸಿಟಿಕ್ ಆಮ್ಲಗಳ ನೆರವಿನಿಂದ ಅನಿಲೀನಾಗಿ ಪರಿವರ್ತಿಸಿ, ಆಮೇಲೆ ಬಣ್ಣಕ್ಕೆ ಕೈಹಾಕಬೇಕು. ಮೊದಲ ಹಂತಕ್ಕೆ ಬೇಕಾದಷ್ಟು ತೀಕ್ಷ್ಣವಾದ ನೈಟ್ರಿಕ್ ಆಮ್ಲ ಮಾರುಕಟ್ಟೆಯಲ್ಲಿ ಇರಲಿಲ್ಲ. ಚಿಲಿ ದೇಶದ ಪೆಟ್ಲುಪ್ಪನ್ನೂ ಗಂಧಕಾಮ್ಲವನ್ನೂ ಬೆರೆಸಿ ಪಾತ್ರೆಯಲ್ಲಿಯೇ ಅದು ಹುಟ್ಟುವಂತೆ ಮಾಡಿದರು. ಎರಕದ ಕಬ್ಬಿಣದ ದೊಡ್ಡ ಪಾತ್ರೆಗಳು ಯಾವ ಕ್ಷಣದಲ್ಲಾದರೂ ಸಿಡಿಯಬಹುದಾಗಿತ್ತು. ಇಷ್ಟೆಲ್ಲ ಮಾಡಿದ ಮೇಲೆ ಹಾಕಿದ್ದರಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಬಣ್ಣವಾಗಿ ಕೈಗೆ ಬರುತ್ತಿತ್ತು. ಆರು ತಿಂಗಳಲ್ಲಿ, 1857ರ ಡಿಸೆಂಬರ್ ಹೊತ್ತಿಗೆ, ಲಂಡನ್ನಿನ ರೇಷ್ಮೆ ಬಣ್ಣಗಾರ ಥಾಮಸ್ ಕೀತ್ ಎಂಬಾತನ ಕಡಾಯಿಗೆ ಗ್ರೀನ್‌ಫರ್ಡಿನ ಬಣ್ಣ ಬಿದ್ದಿತು.

ಅಷ್ಟರಿಂದಲೂ ಮುಗಿಯಲಿಲ್ಲ. ರೇಷ್ಮೆ ಈ ಬಣ್ಣವನ್ನು ಎಷ್ಟು ಬೇಗ ಹೀರುತ್ತಿತ್ತೆಂದರೆ ಬಟ್ಟೆಯ ತುಂಬ ಮಚ್ಚೆಗಳೇಳುತ್ತಿದ್ದವು. ಸಾಬೂನಿನ ನೀರಿನಲ್ಲಿ ಅದ್ದಿ ಒಂದೇ ಸಮನಾಗಿ ಹತ್ತಿಸುವ ರೀತಿಯನ್ನು ಕಂಡುಕೊಳ್ಳಬೇಕಾಯಿತು. ಹತ್ತಿ ಅದನ್ನು ಹೀರುತ್ತಲೇ ಇರಲಿಲ್ಲ. ಒಗರು ಗುಣವುಳ್ಳ ಟ್ಯಾನಿನ್ ಮತ್ತು ಲೋಹದ ಲವಣಗಳಿಂದ ಬಟ್ಟೆಯನ್ನು ಮೊದಲು ಹದಮಾಡಿ ಬಣ್ಣವನ್ನು ಕಚ್ಚಿಸುವ ವಿಧಾನವನ್ನು ಪರ್ಕಿನ್ನನೂ ಪುಲ್ಲರನೂ ಪ್ರತ್ಯೇಕವಾಗಿ ಕಂಡುಕೊಂಡರು. ಬಣ್ಣಗಾರರ ಮನೆಬಾಗಿಲಿಗೆ ತಾನೇ ಹೋಗಿ, ತೋಳು ಮಡಿಸಿ, ಅವರ ಕಡಾಯಿಯಲ್ಲಿಯೇ ಅದ್ದಿ ತೋರಿಸಬೇಕಾಯಿತು. ಕಸಕ್ಕೆ ಉಪಯೋಗ ಹುಡುಕುವುದೆಂದರೆ ಹೀಗೆ. ಕಂಡ ಕ್ಷಣ ಒಂದು; ಆ ಕ್ಷಣವನ್ನು ಜನರ ಕೈಗೆ ಮುಟ್ಟಿಸುವ ಬೇಸರದ ದಿನಗಳು ಸಾವಿರ. ನಮ್ಮ ಪಠ್ಯಪುಸ್ತಕಗಳು ಕ್ಷಣವನ್ನು ಹೇಳಿ ದಿನಗಳನ್ನು ಬಿಟ್ಟುಬಿಡುತ್ತವೆ.

ಕಾಲವೂ ಕೂಡಿ ಬಂದಿತು. ಫ್ರಾನ್ಸಿನ ಮಹಾರಾಣಿ ಯೂಜಿನಿಗೆ ಈ ಬಗೆಯ ಬಣ್ಣದ ಮೇಲೆ ಮೋಹವಿತ್ತು. 1858ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ತನ್ನ ಮಗಳ ಮದುವೆಗೆ ಇದೇ ಛಾಯೆಯ ಉಡುಪು ಧರಿಸಿದಳು. ಫ್ರೆಂಚರು ಕಾಡುಹೂವೊಂದರ ಹೆಸರನ್ನು ತಂದು ಮೋವ್ ಎಂದು ಕರೆದ ಈ ಬಣ್ಣ ಒಂದೆರಡು ವರ್ಷಗಳಲ್ಲಿ ಲಂಡನ್ನಿನ ಬೀದಿಗಳನ್ನೆಲ್ಲ ಆವರಿಸಿತು. ಹಾಸ್ಯಪತ್ರಿಕೆಗಳು ಇದನ್ನು ಊರಿಗೆ ಹರಡಿದ ಹೊಸ ದಡಾರವೆಂದು ಗೇಲಿ ಮಾಡಿದವು. ಊದಾ ಬಣ್ಣವೆಂದರೆ ಪುರಾತನ ರೋಮಿನಲ್ಲಿ ಸಮುದ್ರದ ಶಂಖಹುಳುಗಳಿಂದ ತೆಗೆದು ಚಕ್ರವರ್ತಿಗಳು ಧರಿಸುತ್ತಿದ್ದುದು. ಅಂಥ ಬಣ್ಣವನ್ನು ಈಗ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೂ ಉಡುವಂತಾಯಿತು.

ಆದರೆ ಕಸವನ್ನು ರಸಮಾಡುವ ಕಾರ್ಖಾನೆಯೂ ತನ್ನದೇ ಕಸವನ್ನು ಹುಟ್ಟಿಸುತ್ತದೆ. ಹಾಕಿದ್ದರಲ್ಲಿ ಬಣ್ಣವಾಗದೆ ಉಳಿದ ಪಾಲು ಎಲ್ಲಿಗೆ ಹೋಗಬೇಕು? ಗ್ರೀನ್‌ಫರ್ಡಿನ ಕಾಲುವೆಯ ನೀರು ಆ ವಾರ ಯಾವ ಬಣ್ಣ ತಯಾರಾಗುತ್ತಿತ್ತೋ ಆ ಬಣ್ಣಕ್ಕೆ ತಿರುಗುತ್ತಿತ್ತೆಂದು ಹೇಳುತ್ತಾರೆ. ಪರ್ಕಿನ್ನನ ದಾರಿ ಹಿಡಿದು ಯೂರೋಪಿನಲ್ಲೆಲ್ಲ ಬಣ್ಣದ ಕಾರ್ಖಾನೆಗಳು ಎದ್ದವು. 1859ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಮೆಜೆಂಟಾ ಎಂಬ ಕೆಂಪು ಬಣ್ಣವನ್ನು ಬೇಗನೆ ಆರ್ಸೆನಿಕ್ ಆಮ್ಲದಿಂದ ಮಾಡತೊಡಗಿದರು. ಆರ್ಸೆನಿಕ್ ಎಂದರೆ ಪಾಷಾಣ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಂಥ ಒಂದು ಕಾರ್ಖಾನೆಯ ನೀರು ನೆಲಕ್ಕೆ ಇಳಿದು ಬಾವಿಗಳಿಗೆ ಸೇರಿ ಜನ ಕಾಯಿಲೆ ಬಿದ್ದರು. ಇದು ಪರ್ಕಿನ್ನನ ತಪ್ಪಲ್ಲ. ಆದರೂ ಅವನ ಚರಿತ್ರೆಯಲ್ಲಿ ಇದನ್ನು ಬಿಟ್ಟರೆ ಲೆಕ್ಕದ ಒಂದೇ ಮಗ್ಗುಲನ್ನು ತೋರಿಸಿದಂತಾಗುತ್ತದೆ.

1868ರಲ್ಲಿ ಗ್ರೇಬೆ ಮತ್ತು ಲೀಬರ್‌ಮನ್ ಎಂಬ ಇಬ್ಬರು ಜರ್ಮನರು ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ಬರುತ್ತಿದ್ದ ಕೆಂಪು ಬಣ್ಣವಾದ ಅಲಿಜರಿನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಯಾವುದರಿಂದ? ಆಂಥ್ರಸೀನಿನಿಂದ. ಹದಿನೈದು ವರ್ಷದ ಪರ್ಕಿನ್ನನನ್ನು ಸೋಲಿಸಿದ್ದ ಅದೇ ಆಂಥ್ರಸೀನ್. ಅವರ ವಿಧಾನಕ್ಕೆ ದುಬಾರಿಯಾದ ಬ್ರೋಮೀನ್ ಬೇಕಾಗಿತ್ತು. ಆ ವಸ್ತುವಿನ ಗುಣವನ್ನು ಹುಡುಗತನದಲ್ಲಿಯೇ ಕಂಡಿದ್ದ ಪರ್ಕಿನ್ ಅಗ್ಗದ ದಾರಿಯನ್ನು ಕಂಡುಹಿಡಿದನು. 1869ರ ಜೂನ್ 26ರಂದು ಪೇಟೆಂಟಿಗೆ ಅರ್ಜಿ ಹಾಕಿದನು. ಜರ್ಮನರು ಅಂಥದೇ ವಿಧಾನಕ್ಕೆ ಹಿಂದಿನ ದಿನ ಹಾಕಿದ್ದರು! ಜಗಳವಾಡದೆ, ಇಂಗ್ಲೆಂಡಿನ ಮಾರುಕಟ್ಟೆ ಪರ್ಕಿನ್ನನಿಗೆ ಬರುವಂತೆ ಇಬ್ಬರೂ ಹಂಚಿಕೊಂಡರು. ಗ್ರೀನ್‌ಫರ್ಡಿನಲ್ಲಿ 1869ರಲ್ಲಿ ಒಂದು ಟನ್ ತಯಾರಾದ ಅಲಿಜರಿನ್ 1870ರಲ್ಲಿ 40 ಟನ್ನಿಗೂ 1871ರಲ್ಲಿ 220 ಟನ್ನಿಗೂ ಏರಿತು. ಬೇರಿನ ಬೆಳೆಯನ್ನು ನೆಚ್ಚಿಕೊಂಡಿದ್ದ ಫ್ರಾನ್ಸ್, ಹಾಲೆಂಡ್ ಮತ್ತು ತುರ್ಕಿಯ ರೈತರು ಕೆಲವೇ ವರ್ಷಗಳಲ್ಲಿ ಆ ಬೆಳೆಯನ್ನು ಕೈಬಿಡಬೇಕಾಯಿತು.

1874ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಪರ್ಕಿನ್ ಕಾರ್ಖಾನೆಯನ್ನು ಮಾರಿಬಿಟ್ಟನು. ಜೀವನಕ್ಕೆ ಸಾಕಾಗುವಷ್ಟು ಗಳಿಸಿದ್ದನು. ಇನ್ನೂ ಗಳಿಸಬೇಕೆಂಬ ಆಸೆ ಅವನಿಗಿರಲಿಲ್ಲ. ಮನೆಯ ಪಕ್ಕದಲ್ಲಿಯೇ ಪ್ರಯೋಗಶಾಲೆ ಮಾಡಿಕೊಂಡು ಉಳಿದ ಮೂವತ್ಮೂರು ವರ್ಷಗಳನ್ನು ಶುದ್ಧ ಸಂಶೋಧನೆಯಲ್ಲಿ ಕಳೆದನು. ಹಾಫ್‌ಮನ್ ಹೆದರಿದಂತೆ ಅವನು ಕೆಡಲಿಲ್ಲ. ಕಾರ್ಖಾನೆ ನಡೆಸುತ್ತಿದ್ದಾಗಲೇ, 1868ರಲ್ಲಿ, ಹೊಸದಾಗಿ ಕೊಯ್ದ ಹುಲ್ಲಿನಂತೆ ಕಮ್ಮನೆ ನಾರುವ ಕೂಮರಿನ್ ಎಂಬ ಸುಗಂಧವಸ್ತುವನ್ನು ಕೃತಕವಾಗಿ ತಯಾರಿಸಿದ್ದನು. ಆ ದಾರಿಯಲ್ಲಿ ಕಂಡುಕೊಂಡ ಕ್ರಿಯೆಯನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಅವನ ಹೆಸರಿನಿಂದಲೇ ಓದುತ್ತಾರೆ. ದುರ್ವಾಸನೆಯ ಡಾಂಬರಿನ ಸಂಸಾರದಿಂದ ಪರಿಮಳವೂ ಹುಟ್ಟಿತು. ಅವನ ಮೂವರು ಗಂಡುಮಕ್ಕಳೂ ರಸಾಯನಶಾಸ್ತ್ರಜ್ಞರಾದರು. ಅವರಲ್ಲಿ ಆರ್ಥರ್ ಜಾರ್ಜ್ ಪರ್ಕಿನ್, ತಂದೆಯ ಶೋಧದಿಂದ ಮೂಲೆಗೆ ಬಿದ್ದ ಸಸ್ಯಗಳ ಬಣ್ಣಗಳನ್ನೇ ಅಧ್ಯಯನ ಮಾಡಿದನು. ನಮ್ಮ ದಕ್ಷಿಣ ಭಾರತದ ಚಾಯ್ ಬೇರಿನ ಬಣ್ಣವನ್ನು ಪರೀಕ್ಷಿಸಿದವರಲ್ಲಿ ಅವನೂ ಒಬ್ಬನು. 1906ರಲ್ಲಿ ಮೋವ್ ಬಣ್ಣಕ್ಕೆ ಐವತ್ತು ವರ್ಷ ತುಂಬಿದಾಗ ಲಂಡನ್ನಿನಲ್ಲೂ ಅಮೆರಿಕದಲ್ಲೂ ಉತ್ಸವಗಳಾದವು. ಪರ್ಕಿನ್ನನಿಗೆ ಸರ್ ಪದವಿ ಬಂದಿತು. ಮರುವರ್ಷ, 1907ನೆಯ ಜುಲೈ 14ರಂದು, ಅವನು ತೀರಿಕೊಂಡನು.

ಇನ್ನು ನಾನು ಆರಂಭದಲ್ಲಿ ಹೇಳಿದ ಚಂಪಾರಣ್. ಪರ್ಕಿನ್ ತೆರೆದ ಬಾಗಿಲನ್ನು ಹೊಕ್ಕ ಜರ್ಮನರು ವಿಶ್ವವಿದ್ಯಾನಿಲಯಗಳನ್ನೂ ಕಾರ್ಖಾನೆಗಳನ್ನೂ ಒಂದಕ್ಕೊಂದು ಹೆಣೆದು ಇಂಗ್ಲೆಂಡನ್ನು ಹಿಂದೆ ಹಾಕಿದರು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಡಾಂಬರಿನ ನ್ಯಾಫ್ತಲೀನಿನಿಂದ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಯ ಬೆಲೆ ಕುಸಿಯಿತು. ಬಿಹಾರದ ರೈತನು ಇಪ್ಪತ್ತು ಕಾಠಾ ನೆಲದಲ್ಲಿ ಮೂರು ಕಾಠಾದಷ್ಟು ನೀಲಿಯನ್ನು ತೋಟದ ದೊರೆಗಳಿಗಾಗಿ ಬೆಳೆಯಲೇಬೇಕೆಂಬ ಕಟ್ಟಿತ್ತು. ನೀಲಿ ಹೋದರೆ ರೈತನು ಬಿಡುಗಡೆಯಾಗಬೇಕಾಗಿತ್ತಲ್ಲವೆ? ಹಾಗಾಗಲಿಲ್ಲ. ಆ ಕಟ್ಟಿನಿಂದ ಬಿಡುವುದಕ್ಕೂ ದೊರೆಗಳು ಬೆಲೆ ಕೇಳಿದರು. ಕಂದಾಯ ಏರಿಸಿದರು, ಇಲ್ಲವೆ ಇಡಿಗಂಟು ವಸೂಲು ಮಾಡಿದರು. ನಷ್ಟ ದೊರೆಯದು, ತೆತ್ತವನು ರೈತ. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದಾಗ ಸಾವಿರಾರು ರೈತರು ಹೇಳಿಕೊಂಡ ದುಃಖಗಳಲ್ಲಿ ಇದೂ ಒಂದು. 1918ರ ಕಾನೂನಿನಿಂದ ಆ ಕಟ್ಟು ತೊಲಗಿತು. ಜರ್ಮನಿಯಲ್ಲಿ ಕಸ ಚಿನ್ನವಾದಾಗ ಬಿಹಾರದಲ್ಲಿ ಒಬ್ಬನ ಬೆಳೆ ಕಸವಾಯಿತು. ಕಸದ ಉಪಯೋಗವನ್ನು ಹೊಗಳುವಾಗ ಈ ಎರಡನೆಯ ವಾಕ್ಯವನ್ನೂ ಹೇಳುವುದು ಚರಿತ್ರೆ ಓದುವವನ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಹಾಗೆಯೇ ಮೂರನೆಯ ವಾಕ್ಯವೂ ಉಂಟು. ಡಾಂಬರಿನ ಬಣ್ಣಗಳು ಬಟ್ಟೆಯನ್ನಷ್ಟೇ ಅಲ್ಲದೆ ಜೀವಕೋಶಗಳನ್ನೂ ಬಣ್ಣಿಸಬಲ್ಲವೆಂದು ವೈದ್ಯರು ಕಂಡರು. ಕಣ್ಣಿಗೆ ಕಾಣದ ರೋಗಾಣುಗಳು ಸೂಕ್ಷ್ಮದರ್ಶಕದಲ್ಲಿ ಬಣ್ಣ ತಳೆದು ಎದ್ದುಕಂಡವು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟದ್ದು ಇಂಥ ಬಣ್ಣಗಳ ನೆರವಿನಿಂದ. 1891ರಲ್ಲಿ ಪಾಲ್ ಎರ್ಲಿಕ್ ಮತ್ತು ಗುಟ್‌ಮನ್ ಎಂಬುವರು ಮೆಥಿಲೀನ್ ಬ್ಲೂ ಎಂಬ ಡಾಂಬರು ಬಣ್ಣವನ್ನೇ ಔಷಧವಾಗಿ ರೋಗಿಗಳಿಗೆ ಕೊಟ್ಟರು. ಯಾವ ರೋಗಕ್ಕೆ? ಮಲೇರಿಯಾ ಜ್ವರಕ್ಕೆ. ಮೂವತ್ತೈದು ವರ್ಷಗಳ ಹಿಂದೆ ಜ್ವರದ ಮದ್ದನ್ನು ಹುಡುಕುತ್ತ ಹೋಗಿ ಬಣ್ಣವನ್ನು ಕಂಡ ಹುಡುಗನ ದಾರಿ ಸುತ್ತಿಬಳಸಿ ಜ್ವರದ ಮದ್ದಿಗೇ ಬಂದು ಸೇರಿತು.

ಕಸವೆಂಬುದು ವಸ್ತುವಿನ ಗುಣವಲ್ಲ, ನೋಡುವವರ ಅಜ್ಞಾನದ ಹೆಸರು ಎಂದು ನನಗೆ ಈಗ ತೋರುತ್ತದೆ. ಅದನ್ನು ಕಳೆಯುವುದಕ್ಕೆ ಬುದ್ಧಿಯೊಂದೇ ಸಾಲದು. ತಂದೆಯ ನಂಬಿಕೆ, ಅಣ್ಣನ ದುಡಿಮೆ, ಬಣ್ಣಗಾರನ ಕಡಾಯಿ, ಮೇಷ್ಟರ ಊಟದ ಹೊತ್ತು ಎಲ್ಲವೂ ಬೇಕು. ಮತ್ತು ಒಂದು ಕಸವನ್ನು ತೆಗೆಯುವಾಗ ಇನ್ನೊಂದನ್ನು ಯಾರ ಬಾವಿಗೆ, ಯಾರ ಹೊಲಕ್ಕೆ ಹಾಕುತ್ತಿದ್ದೇವೆಂಬ ಎಚ್ಚರವೂ ಬೇಕು.

ನಾನು ವಿಜ್ಞಾನವನ್ನು ಬಿಟ್ಟು ಬಂದವನು. ಆ ದಿನ ನನ್ನ ಪ್ರನಾಳದಲ್ಲಿದ್ದುದು ಹೊಸ ಬಣ್ಣವೇನೂ ಆಗಿರಲಾರದು. ತೊಳೆಯದ ಪ್ರನಾಳದ ಕೊಳೆಯೇ ಇದ್ದೀತು. ಆದರೆ ಅದು ಏನೆಂದು ನನಗೆ ಇನ್ನೆಂದಿಗೂ ತಿಳಿಯುವುದಿಲ್ಲ. ಪ್ರಯೋಗಶಾಲೆಯ ಗೆಳೆಯರು ತಮ್ಮ ಪಾತ್ರೆಯಲ್ಲಿ ಬೇಡವಾದದ್ದೇನಾದರೂ ಕಂಡಾಗ, ನಲ್ಲಿಯನ್ನು ತಿರುಗಿಸುವ ಮುಂಚೆ ಅಧ್ಯಾಪಕರನ್ನು ಒಮ್ಮೆ ಕರೆಯಲಿ. ಅವರು ಗದರುವುದಿಲ್ಲವೆಂಬುದನ್ನು ನಾನು ಬಲ್ಲೆ.